ದಣಿದ ಹೃದಯಕ್ಕೆ ಮದ್ದು ಎಲ್ಲಿ ತಪ್ಪಿಹೋಗುತ್ತದೆ?

ತಾಲ್ಲೂಕು ಆಸ್ಪತ್ರೆಯ ಎದುರಿನ ಮೆಡಿಕಲ್ ಸ್ಟೋರಿನಲ್ಲಿ ಕಳೆದ ತಿಂಗಳು ನನ್ನ ಸರದಿಗಾಗಿ ಕಾಯುತ್ತಿದ್ದೆ. ಮುಂದೆ ಎಪ್ಪತ್ತರ ಆಸುಪಾಸಿನ ಒಬ್ಬ ಅಜ್ಜ. ಪಾದಗಳು ಊದಿಕೊಂಡು ಚಪ್ಪಲಿಯ ಪಟ್ಟಿ ಚರ್ಮಕ್ಕೆ ಒತ್ತಿತ್ತು. ಅಂಗಿ ಜೇಬಿನಿಂದ ತೆಗೆದ ಚೀಟಿ ನಾಲ್ಕು ಮಡಿಕೆಯಾಗಿತ್ತು. ಮಡಿಕೆ ಬಿದ್ದಲ್ಲಿ ಅಕ್ಷರ ಸವೆದಿತ್ತು. ಅಂಗಡಿಯ ಹುಡುಗ ಐದು ಬಗೆಯ ಮಾತ್ರೆ ತೆಗೆದಿಟ್ಟು ತಿಂಗಳ ಲೆಕ್ಕ ಹೇಳಿದ.

“ಅಷ್ಟೊಂದ್ ಆಯ್ತದಾ? ಹತ್ ದಿನದ್ದು ಕೊಡಪ್ಪ, ಸಾಕು. ಮುಂದ್ಲ ಸಂತೆಗೆ ಬಂದು ತಕ್ಕತೀನಿ.”

“ಡಾಕ್ಟ್ರು ತಿಂಗಳದ್ದು ಬರ್ದವ್ರೆ ಅಜ್ಜ. ಬಿಡಂಗಿಲ್ಲ ಇದ್ನ.”

“ಇದ್ರಲ್ಲಿ ಮುಖ್ಯವಾದ್ದು ಯಾವ್ದು ನೋಡಿ ಅದ್ನ ಕೊಡು ಮಗ. ಆ ನೀರ್ ಹೋಗೋ ಮಾತ್ರೆ ತಕ್ಕಂಡ್ರೆ ಉಸಿರು ಹಗುರಾಯ್ತದೆ.”

ಹುಡುಗ ಕತ್ತರಿ ತೆಗೆದುಕೊಂಡ. ನೀರಿನ ಮಾತ್ರೆ ಹತ್ತು, ಗ್ಯಾಸಿನ ಮಾತ್ರೆ ಹತ್ತು. ಸ್ಟ್ರಿಪ್ಪಿನ ಹೆಸರು, ಕೊನೆಯ ದಿನಾಂಕ ಇದ್ದ ಭಾಗ ಅಂಗಡಿಯಲ್ಲೇ ಉಳಿಯಿತು. ಉಳಿದ ಮೂರು ಬಗೆಯ ಮಾತ್ರೆಗಳೂ ಮತ್ತೆ ಕಪಾಟಿಗೆ ಹೋದವು.

ಅಜ್ಜ ಆರಿಸಿಕೊಂಡದ್ದು ಉಸಿರು ಹಗುರ ಮಾಡುವ ಮಾತ್ರೆ. ಕಪಾಟಿಗೆ ಮರಳಿದ್ದು ಆಯುಸ್ಸು ಹೆಚ್ಚಿಸುವ ಮಾತ್ರೆಗಳು. ಹೃದಯ ವೈಫಲ್ಯದ ಚಿಕಿತ್ಸೆಯಲ್ಲಿ ಆದಾಯ ಮತ್ತು ಓದು ಹೇಗೆ ಕೈಯಾಡಿಸುತ್ತವೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಈ ಕೌಂಟರನ್ನೇ ತೋರಿಸುತ್ತೇನೆ.

ಹಾರ್ಟ್ ಫೇಲ್ಯೂರ್ ಎಂಬ ಹೆಸರೇ ಮೊದಲ ತೊಡಕು. ಕೇಳಿದವರು ಹೃದಯ ನಿಂತೇ ಹೋಯಿತು ಎಂದುಕೊಳ್ಳುತ್ತಾರೆ, ಇಲ್ಲವೇ ಹಾರ್ಟ್ ಅಟ್ಯಾಕ್ ಎಂದು ತಿಳಿಯುತ್ತಾರೆ. ಎರಡೂ ಅಲ್ಲ. ಹೃದಯ ಒಂದು ಪಂಪು. ಆ ಪಂಪು ದಣಿದು, ದೇಹಕ್ಕೆ ಬೇಕಾದಷ್ಟು ರಕ್ತವನ್ನು ತಳ್ಳಲಾಗದ ಸ್ಥಿತಿಯೇ ಹೃದಯ ವೈಫಲ್ಯ. ಮುಂದಕ್ಕೆ ಹೋಗದ ರಕ್ತದ ಒತ್ತಡ ಹಿಂದಕ್ಕೆ ಬೀಳುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬಿ ಏದುಸಿರು ಬರುತ್ತದೆ, ಕಾಲು ಊದುತ್ತದೆ, ರಾತ್ರಿ ಅಂಗಾತ ಮಲಗಿದರೆ ಉಸಿರು ಕಟ್ಟಿದಂತಾಗಿ ಎದ್ದು ಕೂರಬೇಕಾಗುತ್ತದೆ. ಎಕೋ ಪರೀಕ್ಷೆಯಲ್ಲಿ ‘ಇಎಫ್’ ಎಂದು ಒಂದು ಸಂಖ್ಯೆ ಬರೆದಿರುತ್ತಾರಲ್ಲ, ಅದು ಪಂಪಿನ ಬಲದ ಅಳತೆ. ಆರೋಗ್ಯವಂತರಲ್ಲಿ ಅದು 55ರ ಮೇಲಿರುತ್ತದೆ. 40 ಅಥವಾ ಅದಕ್ಕಿಂತ ಕೆಳಗಿಳಿದರೆ ಪಂಪು ಸೊರಗಿದೆ ಎಂದರ್ಥ. ಇಎಫ್ ಸರಿಯಿದ್ದೂ ಹೃದಯದ ಗೋಡೆ ಬಿರುಸಾಗಿ ವೈಫಲ್ಯ ಬರುವುದುಂಟು. ಆದರೆ ಭಾರತದ ಆಸ್ಪತ್ರೆಗಳಲ್ಲಿ ಕಾಣುವುದರಲ್ಲಿ ಹೆಚ್ಚಿನವು ಪಂಪು ಸೊರಗಿದ ಬಗೆಯವೇ. ಅವುಗಳ ಹಿಂದೆ ಬಹುಪಾಲು ಒಂದು ಹಳೆಯ ಹಾರ್ಟ್ ಅಟ್ಯಾಕ್ ಇರುತ್ತದೆ, ಇಲ್ಲವೇ ರಕ್ತನಾಳಗಳ ಅಡಚಣೆ ಇರುತ್ತದೆ.

ಪಂಪು ಸೊರಗಿದ ಬಗೆಗೆ ಒಳ್ಳೆಯ ಔಷಧಗಳಿವೆ. ಅದರಲ್ಲೂ ಮುಖ್ಯವಾದ ಹಲವು ಹಳೆಯವು ಮತ್ತು ಅಗ್ಗದವು. ಎನಲಪ್ರಿಲ್ ಜೀವ ಉಳಿಸುತ್ತದೆ ಎಂದು 1987ರಲ್ಲೇ ಸಾಬೀತಾಯಿತು. 1999ರಲ್ಲಿ ಬೈಸೊಪ್ರೊಲೋಲ್ ಮತ್ತು ಮೆಟೊಪ್ರೊಲೋಲ್ ಎಂಬ ಬೀಟಾ ಬ್ಲಾಕರ್‌ಗಳು ಸಾವನ್ನು ಸುಮಾರು ಮೂರನೇ ಒಂದರಷ್ಟು ತಗ್ಗಿಸುತ್ತವೆ ಎಂದು ತೋರಿತು. ಅದೇ ವರ್ಷ ಸ್ಪೈರೊನೊಲ್ಯಾಕ್ಟೋನ್ ಎಂಬ ತೀರಾ ಸಾಮಾನ್ಯ ಮಾತ್ರೆ ತೀವ್ರ ರೋಗಿಗಳ ಸಾವನ್ನು ಶೇ 30ರಷ್ಟು ಇಳಿಸಿತು. 2014ರಲ್ಲಿ ಸ್ಯಾಕುಬಿಟ್ರಿಲ್–ವಲ್ಸಾರ್ಟಾನ್ ಜೋಡಿ ಮಾತ್ರೆ, 2019ರಲ್ಲಿ ಮೂಲತಃ ಸಕ್ಕರೆ ಕಾಯಿಲೆಯ ಔಷಧವಾದ ಡಾಪಾಗ್ಲಿಫ್ಲೋಜಿನ್ ಈ ಸಾಲಿಗೆ ಸೇರಿದವು. ಎನಲಪ್ರಿಲ್ ಇಲ್ಲವೇ ಅದರ ಬದಲಿಗೆ ಕೊಡುವ ಸ್ಯಾಕುಬಿಟ್ರಿಲ್–ವಲ್ಸಾರ್ಟಾನ್ ಅನ್ನು ಒಂದೆಂದು ಎಣಿಸಿ, ವೈದ್ಯರು ಇವನ್ನೆಲ್ಲ ನಾಲ್ಕು ಕಂಬಗಳು ಎನ್ನುತ್ತಾರೆ. ನಾಲ್ಕೂ ಒಟ್ಟಿಗೆ ನಿಂತರೆ ಮನೆ ನಿಲ್ಲುತ್ತದೆ. ನೀರಿನ ಮಾತ್ರೆ, ಅಂದರೆ ಫ್ಯೂರೊಸಮೈಡ್, ಟಾರ್ಸಮೈಡ್, ಈ ಕಂಬಗಳಲ್ಲಿ ಇಲ್ಲ. ಅದು ಬಾವು ಇಳಿಸುತ್ತದೆ, ಉಸಿರು ಹಗುರ ಮಾಡುತ್ತದೆ, ಬೇಕೇ ಬೇಕು. ಆದರೆ ಅದೊಂದನ್ನೇ ನುಂಗುವುದು ಸೋರುವ ಮನೆಯಲ್ಲಿ ನೀರನ್ನು ಮೊಗೆದು ಹೊರಚೆಲ್ಲುತ್ತ ಕೂತಂತೆ. ಸೂರಿನ ತೂತು ಹಾಗೇ ಇರುತ್ತದೆ.

ಈಗ ಅಂಕಿಗಳ ಕಡೆ ಬರೋಣ. 40 ದೇಶಗಳ 23,341 ಹೃದಯ ವೈಫಲ್ಯ ರೋಗಿಗಳನ್ನು ಹಿಂಬಾಲಿಸಿದ ದೊಡ್ಡ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಮೊದಲ ಬಾರಿ ಆಸ್ಪತ್ರೆ ಸೇರಿದ 30 ದಿನಗಳೊಳಗೆ ತೀರಿಕೊಂಡವರು ಶ್ರೀಮಂತ ದೇಶಗಳಲ್ಲಿ ಶೇ 6.7. ಭಾರತವಿರುವ ಕೆಳ ಮಧ್ಯಮ ಆದಾಯದ ಗುಂಪಿನಲ್ಲಿ ಶೇ 21.1. ತೀರಾ ಬಡ ದೇಶಗಳಲ್ಲಿ ಶೇ 31.6. ಅದಕ್ಕೆ ಮೊದಲು 2017ರಲ್ಲಿ ಬಂದ, 16 ದೇಶಗಳ 5,823 ರೋಗಿಗಳ ಅಧ್ಯಯನದಲ್ಲಿ ಒಂದು ವರ್ಷದೊಳಗೆ ಸತ್ತವರು ಚೀನಾದಲ್ಲಿ ಶೇ 7, ಭಾರತದಲ್ಲಿ ಶೇ 23, ಆಫ್ರಿಕಾದಲ್ಲಿ ಶೇ 34. ಕಾಯಿಲೆ ಒಂದೇ, ಹುಟ್ಟಿದ ನೆಲ ಬೇರೆ.

ನಮ್ಮ ನೆರೆಯ ಕೇರಳದ ಲೆಕ್ಕ ಇನ್ನೂ ಹತ್ತಿರದ್ದು. ತಿರುವನಂತಪುರ ಜಿಲ್ಲೆಯ 18 ಆಸ್ಪತ್ರೆಗಳಲ್ಲಿ 2013ರಲ್ಲಿ ದಾಖಲಾದ 1,205 ರೋಗಿಗಳನ್ನು ಐದು ವರ್ಷ ಗಮನಿಸಿದರು. ಸರಾಸರಿ ವಯಸ್ಸು 61. ಅಮೆರಿಕ, ಯುರೋಪಿನಲ್ಲಿ ಈ ಕಾಯಿಲೆಗೆ ಆಸ್ಪತ್ರೆ ಸೇರುವವರು ಸಾಮಾನ್ಯವಾಗಿ 70 ದಾಟಿದವರು. ನಮ್ಮಲ್ಲಿ ಹತ್ತು ವರ್ಷ ಮೊದಲೇ, ಇನ್ನೂ ದುಡಿಯುವ ವಯಸ್ಸಿನಲ್ಲೇ ಹೃದಯ ಕೈಕೊಡುತ್ತದೆ. ಐದು ವರ್ಷ ಮುಗಿಯುವ ಹೊತ್ತಿಗೆ ಆ ರೋಗಿಗಳಲ್ಲಿ ಶೇ 59 ಜನ ಬದುಕಿರಲಿಲ್ಲ. ಪಂಪು ಸೊರಗಿದವರಲ್ಲಿ ಮನೆಗೆ ಹೋಗುವಾಗ ಮಾರ್ಗಸೂಚಿಯಂತೆ ಪೂರ್ತಿ ಔಷಧ ಪಡೆದವರು ನಾಲ್ಕರಲ್ಲಿ ಒಬ್ಬರು ಮಾತ್ರ. ಮೊದಲ 90 ದಿನಗಳಲ್ಲಿ ಸಾವಿನ ಅಪಾಯ ಹೆಚ್ಚಿಸಿದ ಕಾರಣಗಳ ಪಟ್ಟಿಯಲ್ಲಿ ವಯಸ್ಸು, ಇಎಫ್, ಮೂತ್ರಪಿಂಡದ ಸ್ಥಿತಿಗಳ ಜೊತೆಗೆ ಇನ್ನೊಂದು ಇತ್ತು: ಕಡಿಮೆ ಓದು. ಅಕ್ಷರಸ್ಥರ ನಾಡು ಎನಿಸಿಕೊಂಡ ಕೇರಳದ ರಾಜಧಾನಿಯ ಮಾತಿದು.

ಮುಂದೆ ದೇಶದ 53 ದೊಡ್ಡ ಆಸ್ಪತ್ರೆಗಳು ಸೇರಿ 10,851 ರೋಗಿಗಳ ರಾಷ್ಟ್ರೀಯ ನೋಂದಣಿ ಮಾಡಿದಾಗಲೂ ಅದೇ ಕಂಡಿತು. 90 ದಿನಗಳೊಳಗೆ ಶೇ 14.2 ಮಂದಿ ತೀರಿಕೊಂಡರು. ಶಾಲೆಗೆ ಹೋದ ವರ್ಷಗಳು ಕಡಿಮೆಯಾದಂತೆ ಸಾವು ಹೆಚ್ಚುತ್ತ ಹೋಯಿತು. ಪೂರ್ತಿ ಔಷಧ ಪಡೆದವರು ಅರ್ಧಕ್ಕಿಂತ ಕಡಿಮೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಓದಿಲ್ಲದವರು ಬೀಡಿ ಸೇದುತ್ತಾರೆ, ಕುಡಿಯುತ್ತಾರೆ, ಹೇಳಿದ ಮಾತು ಕೇಳುವುದಿಲ್ಲ, ಅದಕ್ಕೇ ಸಾಯುತ್ತಾರೆ ಎಂದು ತಿಳಿದವರೇ ಸಲೀಸಾಗಿ ಹೇಳಿಬಿಡುತ್ತಾರೆ. ಲೆಕ್ಕ ಹಾಗೆ ಹೇಳುವುದಿಲ್ಲ. 20 ದೇಶಗಳಲ್ಲಿ ನಡೆದ ‘ಪ್ಯೂರ್’ ಅಧ್ಯಯನದ ಭಾರತದ ಭಾಗವನ್ನು ನಡೆಸಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ. 2019ರಲ್ಲಿ ಪ್ಯೂರ್ ಓದು ಮತ್ತು ಹೃದ್ರೋಗದ ನಂಟಿನ ಬಗ್ಗೆ ಹೇಳಿದ್ದನ್ನು ಕೇಳಿ. ಬಡ ದೇಶಗಳಲ್ಲಿ ಕಡಿಮೆ ಓದಿದವರಿಗೆ ಹೃದಯದ ಗಂಭೀರ ತೊಂದರೆಗಳು ಹೆಚ್ಚು ಓದಿದವರ ಎರಡು ಪಟ್ಟಿಗಿಂತ ಹೆಚ್ಚು. ಆದರೆ ಅಪಾಯದ ಅಂಶಗಳನ್ನೆಲ್ಲ ಒಟ್ಟು ತೂಗಿದರೆ ಕಡಿಮೆ ಓದಿದವರ ಸ್ಥಿತಿಯೇ ಮೇಲಾಗಿತ್ತು! ಅವರಿಗೆ ಕಡಿಮೆ ಸಿಕ್ಕದ್ದು ಚಿಕಿತ್ಸೆ.

ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕೆಂದರೆ ಅದೂ ಬೆಂಗಳೂರಿನಿಂದಲೇ ಇದೆ. ಸೇಂಟ್ ಜಾನ್ಸ್‌ನ ಡಾ. ಡೆನಿಸ್ ಝೇವಿಯರ್ ಮತ್ತು ಸಂಗಡಿಗರು ದೇಶದ 89 ಆಸ್ಪತ್ರೆಗಳಿಂದ 20,937 ರೋಗಿಗಳ ಮಾಹಿತಿ ಕಲೆಹಾಕಿ 2008ರಲ್ಲಿ ಪ್ರಕಟಿಸಿದರು. ಅದು ಹಾರ್ಟ್ ಅಟ್ಯಾಕ್ ಮತ್ತು ಅದರ ಸಮೀಪದ ತೊಂದರೆಗಳ ಅಧ್ಯಯನ. ಆದರೆ ಹೃದಯ ವೈಫಲ್ಯಕ್ಕೆ ನಮ್ಮಲ್ಲಿ ದೊಡ್ಡ ಕಾರಣವೇ ಹಾರ್ಟ್ ಅಟ್ಯಾಕ್ ಆದ್ದರಿಂದ ಇಲ್ಲಿಗೆ ಸಲ್ಲುತ್ತದೆ. 30 ದಿನಗಳಲ್ಲಿ ತೀರಿಕೊಂಡ ಬಡವರು ಶೇ 8.2, ಶ್ರೀಮಂತರು ಶೇ 5.5. ವಯಸ್ಸು, ಸಕ್ಕರೆ, ಬಿಪಿ, ಹೊಗೆಸೊಪ್ಪು ಎಲ್ಲವನ್ನೂ ಲೆಕ್ಕಕ್ಕೆ ಹಿಡಿದರೂ ಅಂತರ ಅಳಿಯಲಿಲ್ಲ. ಸಿಕ್ಕ ಚಿಕಿತ್ಸೆಯನ್ನು ಲೆಕ್ಕಕ್ಕೆ ಹಿಡಿದ ಕೂಡಲೇ ಅಂತರ ಮಾಯವಾಯಿತು. ಅಂದರೆ ಒಂದೇ ಚಿಕಿತ್ಸೆ ಸಿಕ್ಕಿದ್ದರೆ ಬಡವರ ಹೃದಯವೂ ಶ್ರೀಮಂತರ ಹೃದಯದಷ್ಟೇ ಉಳಿಯುತ್ತಿತ್ತು. ಈ ಒಂದು ಸಾಲಿನ ಫಲಿತಾಂಶವನ್ನು ಪ್ರತಿ ಆಸ್ಪತ್ರೆಯ ಗೋಡೆಯ ಮೇಲೆ ಬರೆಸಬೇಕು ಎಂದು ನನಗೆ ಅನಿಸಿದೆ.

ಹಾಗಾದರೆ ಚಿಕಿತ್ಸೆ ಎಲ್ಲಿ ಜಾರುತ್ತದೆ?

ಮೊದಲು ಹೊತ್ತಿನಲ್ಲಿ. ಡಾ. ಝೇವಿಯರ್ ಅವರ ಆ ಅಧ್ಯಯನದಲ್ಲೇ ಎದೆನೋವು ಶುರುವಾದ ಮೇಲೆ ಆಸ್ಪತ್ರೆ ತಲುಪಲು ಹಿಡಿದ ಮಧ್ಯಾಂಕ ಸಮಯ 360 ನಿಮಿಷ, ಆರು ಗಂಟೆ. ರಕ್ತನಾಳ ಕಟ್ಟಿಕೊಂಡಷ್ಟು ಹೊತ್ತೂ ಹೃದಯದ ಸ್ನಾಯು ಸಾಯುತ್ತಲೇ ಇರುತ್ತದೆ. ಇಂದು ಸತ್ತ ಸ್ನಾಯುವೇ ಮುಂದಿನ ವರ್ಷದ ಹೃದಯ ವೈಫಲ್ಯ. ಗ್ಯಾಸ್ ಇರಬೇಕು ಎಂದು ಸೋಡಾ ಕುಡಿದು ಮಲಗುವುದು, ಬೆಳಗಿನ ಬಸ್ಸಿಗೆ ಕಾಯುವುದು, ದುಡ್ಡು ಹೊಂದಿಸುವುದು ಎಲ್ಲವೂ ಆ ಆರು ಗಂಟೆಯೊಳಗಿವೆ. ಕರ್ನಾಟಕದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ನಾನು ಮೆಚ್ಚುವುದು ಇದಕ್ಕೇ. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರು ದೂರದಿಂದ ನೋಡಿ, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಹೊರಗೆ ಸಾವಿರಾರು ರೂಪಾಯಿ ಬೆಲೆಯ ಇಂಜೆಕ್ಷನ್ ಅದು. ಎದೆನೋವಿಗೆ ನೇರವಾಗಿ ತಾಲ್ಲೂಕು ಆಸ್ಪತ್ರೆಗೆ ಓಡಬೇಕು ಎಂಬ ಸುದ್ದಿ ಇನ್ನೂ ಹಲವು ಹಳ್ಳಿಗಳಿಗೆ ಮುಟ್ಟಬೇಕಾಗಿದೆ.

ಬಡತನ ನೇರವಾಗಿ ಹೃದಯಕ್ಕೆ ಇಳಿಯುವ ಇನ್ನೊಂದು ದಾರಿ ರುಮ್ಯಾಟಿಕ್ ಜ್ವರ. ಗಾಳಿಯಾಡದ, ಜನ ತುಂಬಿದ ಮನೆಗಳಲ್ಲಿ ಮಕ್ಕಳಿಗೆ ಬರುವ ಗಂಟಲು ನೋವಿಗೆ ಸರಿಯಾದ ಮದ್ದು ಸಿಗದಿದ್ದರೆ ಕೆಲವರಲ್ಲಿ ಅದು ಈ ಜ್ವರಕ್ಕೆ ತಿರುಗಿ ಹೃದಯದ ಕವಾಟವನ್ನು ಕೆಡಿಸುತ್ತದೆ. ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ತಪ್ಪದೆ ಕೊಟ್ಟರೆ ಮತ್ತೆ ಕೆಡದಂತೆ ತಡೆಯಬಹುದು. ಇಪ್ಪತ್ತೈದು ಮೂವತ್ತರ ಬಸುರಿಯೊಬ್ಬಳು ಏದುಸಿರು ಬಿಡುತ್ತ ಆಸ್ಪತ್ರೆಗೆ ಬಂದರೆ ವೈದ್ಯರು ಈ ಕವಾಟವನ್ನೂ ನೆನೆಯುತ್ತಾರೆ.

ಎರಡನೆಯ ಜಾರು, ಮತ್ತು ನನ್ನ ಲೆಕ್ಕದಲ್ಲಿ ಅತಿ ದೊಡ್ಡದು, ಆಸ್ಪತ್ರೆಯಿಂದ ಹೊರಬಿದ್ದ ಮೇಲಿನದು. ನಮ್ಮ ಯೋಜನೆಗಳು ಹಾಸಿಗೆಯನ್ನು ಕಾಯುತ್ತವೆ, ಮನೆಯನ್ನು ಕಾಯುವುದಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಆಯುಷ್ಮಾನ್ ನಿಯಮದಲ್ಲಿ ಬಿಡುಗಡೆಯಾದ ಮೇಲೆ 15 ದಿನದ ಔಷಧವೂ ಸೇರಿದೆ. ಹದಿನಾರನೆಯ ದಿನದಿಂದ ಮಾತ್ರೆಯ ಖರ್ಚು ಮನೆಯದು. ಹೃದಯ ವೈಫಲ್ಯವೋ ಜೀವಮಾನದ ಕಾಯಿಲೆ. ಮಾತ್ರೆ ತಪ್ಪಿದ ರೋಗಿ ಎರಡು ತಿಂಗಳಲ್ಲಿ ಮತ್ತೆ ಏದುಸಿರಿನೊಂದಿಗೆ ದಾಖಲಾಗುತ್ತಾನೆ. ಆಗ ಸರ್ಕಾರ ಮತ್ತೆ ಸಾವಿರಗಟ್ಟಲೆ ಕಟ್ಟುತ್ತದೆ. ಆ ದುಡ್ಡಿನಲ್ಲಿ ತಿಂಗಳುಗಟ್ಟಲೆ ಮಾತ್ರೆ ಬರುತ್ತಿತ್ತು.

ವಿಮೆ ಕೆಲಸಕ್ಕೆ ಬಾರದು ಎಂದು ಇದರ ಅರ್ಥವಲ್ಲ. 2010ರಲ್ಲಿ ಉತ್ತರ ಕರ್ನಾಟಕದಿಂದ ಶುರುವಾದ ವಾಜಪೇಯಿ ಆರೋಗ್ಯಶ್ರೀಯನ್ನು ಸಂಶೋಧಕರು ಅಳೆದು ನೋಡಿದ್ದಾರೆ. ಯೋಜನೆ ಇದ್ದ ಹಳ್ಳಿಗಳನ್ನೂ, ಗಡಿಯಾಚೆ ಇನ್ನೂ ಯೋಜನೆ ತಲುಪದ ಹಳ್ಳಿಗಳನ್ನೂ ಹೋಲಿಸಿದರು. ಯೋಜನೆಯ ಪಟ್ಟಿಯಲ್ಲಿದ್ದ ಹೃದ್ರೋಗ, ಕ್ಯಾನ್ಸರ್ ಮೊದಲಾದ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆದ ಸಾವು ಯೋಜನೆ ಇದ್ದಲ್ಲಿ ಶೇ 0.32, ಇಲ್ಲದಲ್ಲಿ ಶೇ 0.90. 2014ರಲ್ಲಿ ಇದು ಪ್ರಕಟವಾಯಿತು. ದುಡ್ಡಿನ ತಡೆ ತೆಗೆದರೆ ಜೀವ ಉಳಿಯುತ್ತದೆ ಎಂಬುದಕ್ಕೆ ನಮ್ಮ ನೆಲದ್ದೇ ಸಾಕ್ಷಿ ಇದು. ಹಾಸಿಗೆಗೆ ತೆಗೆದ ಆ ತಡೆಯನ್ನು ಮಾತ್ರೆಗೂ ತೆಗೆಯಬೇಕು ಎಂಬುದಷ್ಟೇ ನನ್ನ ವಾದ.

ಮಾತ್ರೆಯ ಬೆಲೆಯಲ್ಲಿ ಒಳ್ಳೆಯ ಸುದ್ದಿಯೂ ಇದೆ. ಡಾಪಾಗ್ಲಿಫ್ಲೋಜಿನ್ ಪೇಟೆಂಟ್ ಭಾರತದಲ್ಲಿ 2020ರಲ್ಲಿ ಮುಗಿಯಿತು, ಸ್ಯಾಕುಬಿಟ್ರಿಲ್–ವಲ್ಸಾರ್ಟಾನ್‌ನದು 2023ರ ಜನವರಿಯಲ್ಲಿ. ಎರಡರಲ್ಲೂ ಹಲವು ಕಂಪನಿಗಳ ಮಾತ್ರೆಗಳು ಬಂದು ಬೆಲೆ ಬಹಳ ಇಳಿದಿದೆ. ಜನೌಷಧಿ ಕೇಂದ್ರಗಳಲ್ಲಿ ಬ್ರ್ಯಾಂಡ್ ಔಷಧಕ್ಕಿಂತ ಅರ್ಧ ಬೆಲೆಗೆ, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆಗೆ ಸಿಗುತ್ತದೆ. ಆದರೆ ಚೀಟಿಯಲ್ಲಿ ಬ್ರ್ಯಾಂಡಿನ ಹೆಸರಿದ್ದರೆ, ಅದೇ ಔಷಧ ಇನ್ನೊಂದು ಹೆಸರಿನಲ್ಲಿ ಅಗ್ಗಕ್ಕೆ ಸಿಗುತ್ತದೆಂದು ಗೊತ್ತಾಗುವುದು ಯಾರಿಗೆ? ಓದಿದವರು ಮೊಬೈಲ್‌ನಲ್ಲಿ ಹುಡುಕುತ್ತಾರೆ. ಅಜ್ಜ ಹತ್ತು ದಿನದ್ದು ಕೊಡು ಎನ್ನುತ್ತಾರೆ. ಹಣ ಮತ್ತು ಅಕ್ಷರ ಹೀಗೆ ಒಂದರ ಕೈ ಒಂದು ಹಿಡಿದೇ ಬರುತ್ತವೆ.

ಮೂರನೆಯದು ಮರುಭೇಟಿ. ಈ ಔಷಧಗಳನ್ನು ಸಣ್ಣ ಪ್ರಮಾಣದಲ್ಲಿ ಶುರುಮಾಡಿ, ಬಿಪಿ, ನಾಡಿ, ರಕ್ತದ ಪೊಟ್ಯಾಸಿಯಂ, ಕ್ರಿಯಾಟಿನಿನ್ ನೋಡುತ್ತ ಹಂತಹಂತವಾಗಿ ಏರಿಸಬೇಕು. ಏರಿಸದಿದ್ದರೆ ಪೂರ್ತಿ ಫಲವಿಲ್ಲ. 2022ರಲ್ಲಿ ಬಂದ ‘ಸ್ಟ್ರಾಂಗ್ ಎಚ್‌ಎಫ್’ ಎಂಬ ಪ್ರಯೋಗದಲ್ಲಿ, ಮನೆಗೆ ಹೋದ ಎರಡು ವಾರದೊಳಗೆ ಪೂರ್ತಿ ಪ್ರಮಾಣಕ್ಕೆ ಏರಿಸಿ, ಮೊದಲ ಆರು ವಾರಗಳಲ್ಲಿ ಮತ್ತೆ ಮತ್ತೆ ಕರೆದು ನೋಡಿದರು. ಆರು ತಿಂಗಳಲ್ಲಿ ಸತ್ತವರು ಅಥವಾ ಹೃದಯ ವೈಫಲ್ಯದಿಂದ ಮತ್ತೆ ದಾಖಲಾದವರು ಶೇ 15.2; ಎಂದಿನಂತೆ ನೋಡಿಕೊಂಡವರಲ್ಲಿ ಶೇ 23.3. ಒಳ್ಳೆಯ ಫಲ. ಆದರೆ ಕೂಲಿಯವರಿಗೆ ಪ್ರತಿ ಭೇಟಿ ಅಂದರೆ ಒಂದು ದಿನದ ಕೂಲಿ ಹೋಯಿತು. ಜೊತೆಗೆ ಬಂದ ಮಗನದೂ ಹೋಯಿತು. ಮೇಲೆ ಬಸ್ ಚಾರ್ಜು, ರಕ್ತ ಪರೀಕ್ಷೆ, ಹೋಟೆಲಿನ ಊಟ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚು ಉಳಿದಿದೆ. ಆರೋಗ್ಯ ಇಲಾಖೆಯದಲ್ಲದ ಈ ಯೋಜನೆ ಎಷ್ಟೋ ಹೆಂಗಸರ ಮರುಭೇಟಿಗೆ ದಾರಿ ಮಾಡಿಕೊಡಬಲ್ಲದು. ಪರೀಕ್ಷೆಗೆ ಹತ್ತಿರದಲ್ಲಿ ಲ್ಯಾಬ್ ಇಲ್ಲದ ಕಡೆ ವೈದ್ಯರೂ ಮಾತ್ರೆಯ ಪ್ರಮಾಣ ಏರಿಸಲು ಅಂಜುತ್ತಾರೆ. ಪೊಟ್ಯಾಸಿಯಂ ಏರಿದರೆ ಹಿಡಿಯುವವರು ಯಾರು ಎಂಬ ಅಂಜಿಕೆ ಅದು, ಸುಳ್ಳಲ್ಲ.

ಬಸ್ಸಿನ ವಿಷಯ ಬಂದಾಗ ಒಂದು ಮಾತು. ನೀರಿನ ಮಾತ್ರೆ ನುಂಗಿದ ಅರ್ಧ ಗಂಟೆ, ಒಂದು ಗಂಟೆಯಲ್ಲಿ ಮೂತ್ರಕ್ಕೆ ಅವಸರ. ದಾರಿಯಲ್ಲಿ ಶೌಚಾಲಯವಿಲ್ಲ. ಹಾಗಾಗಿ ಊರಿಗೆ ಹೋಗುವ ದಿನ, ಮದುವೆಯ ದಿನ, ಕೊನೆಗೆ ಡಾಕ್ಟರ ಹತ್ತಿರ ಹೋಗುವ ದಿನವೂ ಹೆಂಗಸರು ಆ ಮಾತ್ರೆಯನ್ನು ಬಿಟ್ಟೇಬಿಡುತ್ತಾರೆ. ಕೂಲಿಗೆ ಹೋಗುವವರು ದಿನಾ ಬಿಡುತ್ತಾರೆ. ಇದನ್ನು ಯಾರೂ ಡಾಕ್ಟರಿಗೆ ಹೇಳುವುದಿಲ್ಲ, ನಾಚಿಕೆ. ಹೇಳಿದ್ದರೆ ಉತ್ತರ ಸುಲಭವಿತ್ತು: ಮನೆಗೆ ಬಂದ ಮೇಲೆ ಮಧ್ಯಾಹ್ನ ತೆಗೆದುಕೊಳ್ಳಬಹುದೇ ಎಂದು ಕೇಳಿ ಹೊತ್ತು ಬದಲಿಸಿಕೊಳ್ಳಬಹುದು. ಮೇಲೆ ಹೇಳಿದ ತಿರುವನಂತಪುರದ ಮತ್ತು ರಾಷ್ಟ್ರೀಯ ನೋಂದಣಿಗಳೆರಡರಲ್ಲೂ ಹೆಂಗಸರು ಶೇ 31 ಮಾತ್ರ. ಮನೆಯ ಹೆಣ್ಣಿಗೆ ಏದುಸಿರು ಬಂದರೆ ಆಸ್ಪತ್ರೆಯ ಬಾಗಿಲು ಎಷ್ಟು ಬೇಗ ತೆರೆಯುತ್ತದೆ ಎಂಬುದನ್ನು ಪ್ರತಿ ಮನೆಯೂ ಕೇಳಿಕೊಳ್ಳಬೇಕು.

ಓದಿನ ಪ್ರಭಾವ ಹಣದಷ್ಟು ಎದ್ದು ಕಾಣುವುದಿಲ್ಲ, ಆದರೆ ಎಲ್ಲ ಕಡೆ ಇರುತ್ತದೆ. ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿರುತ್ತದೆ. ಅದರಲ್ಲಿ 1-0-1, 0-1-0 ಎಂಬ ಗುರುತುಗಳು. ಓದು ಬಾರದವರು ಮಾತ್ರೆಯನ್ನು ಬಣ್ಣದಿಂದ ಗುರುತಿಸುತ್ತಾರೆ: ಬೆಳಿಗ್ಗೆ ಹಳದಿಯದು, ರಾತ್ರಿ ಬಿಳಿಯದು. ಮುಂದಿನ ತಿಂಗಳು ಬೇರೆ ಕಂಪನಿಯ ಮಾತ್ರೆ ಬಂದು ಬಿಳಿಯದು ಗುಲಾಬಿಯಾದರೆ, ಅದು ಹೊಸ ಮಾತ್ರೆ ಎಂದು ಹಳೆಯದರ ಜೊತೆ ಎರಡನ್ನೂ ನುಂಗುತ್ತಾರೆ, ಇಲ್ಲವೇ ಎರಡನ್ನೂ ಬಿಡುತ್ತಾರೆ. ಹೆಸರೇ ಇಲ್ಲದ ಕತ್ತರಿಸಿದ ತುಂಡು ಕೈಯಲ್ಲಿದ್ದರೆ ಆಶಾ ಕಾರ್ಯಕರ್ತೆ ನೋಡಿದರೂ ಏನೆಂದು ಹೇಳಲಾರಳು.

ಬೀಟಾ ಬ್ಲಾಕರ್ ಶುರುಮಾಡಿದ ಮೊದಲ ವಾರಗಳಲ್ಲಿ ಸುಸ್ತು ಹೆಚ್ಚಾದಂತೆ ಅನಿಸಬಹುದು. ‘ಹೀಗಾಗುತ್ತದೆ, ಕೆಲವು ವಾರದಲ್ಲಿ ಸರಿಹೋಗುತ್ತದೆ, ನೀವಾಗಿ ನಿಲ್ಲಿಸಬೇಡಿ’ ಎಂದು ಯಾರಾದರೂ ಕನ್ನಡದಲ್ಲಿ ಕೂತು ಹೇಳಿದ್ದರೆ ರೋಗಿ ಕಾಯುತ್ತಾನೆ. ಹೇಳದಿದ್ದರೆ ‘ಈ ಮಾತ್ರೆ ನನಗೆ ಆಗಿಬರುವುದಿಲ್ಲ’ ಎಂದು ಬಿಡುತ್ತಾನೆ. ಉಸಿರು ಸರಿಹೋದ ಮೇಲೆ ಕಾಯಿಲೆ ವಾಸಿಯಾಯಿತೆಂದು ಬಿಡುವವರು ಇನ್ನೂ ಹೆಚ್ಚು. ನಮ್ಮ ಅನುಭವದಲ್ಲಿ ಜ್ವರಕ್ಕೆ ಮಾತ್ರೆ ಜ್ವರ ಇರುವವರೆಗೆ ಮಾತ್ರ. ಆರಾಮಾದ ಮೇಲೂ ನುಂಗಬೇಕು ಎಂಬುದು ಹೊಸ ಪಾಠ; ಒಂದು ಸಲ ಹೇಳಿದರೆ ಹತ್ತುವುದಿಲ್ಲ.

ಅಡುಗೆ ಮನೆಯಲ್ಲೂ ಇದೇ ಕಥೆ. ‘ಉಪ್ಪು ಕಡಿಮೆ ಮಾಡಿ’ ಎಂದರೆ ಮನೆಯವರು ಸಾರಿಗೆ ಹಾಕುವ ಉಪ್ಪು ಕಡಿಮೆ ಮಾಡುತ್ತಾರೆ. ಆದರೆ ಗಂಜಿ, ಮುದ್ದೆ ಉಣ್ಣುವ ಮನೆಯಲ್ಲಿ ತರಕಾರಿಯ ಬದಲು ನೆಂಚಿಕೊಳ್ಳುವುದು ಉಪ್ಪಿನಕಾಯಿ, ಸಂಡಿಗೆ, ಹಪ್ಪಳ, ಕರಾವಳಿಯಲ್ಲಿ ಒಣ ಮೀನು. ಇವು ಉಪ್ಪಿನ ಲೆಕ್ಕಕ್ಕೇ ಬರುವುದಿಲ್ಲ. ಇನ್ನು ಕೆಲವರು ಆರೋಗ್ಯಕ್ಕೆ ಒಳ್ಳೆಯದೆಂದು ಸೋಡಿಯಂ ಕಡಿಮೆ ಇರುವ ಉಪ್ಪು ತರುತ್ತಾರೆ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಸ್ಪೈರೊನೊಲ್ಯಾಕ್ಟೋನ್ ನುಂಗುವವರಿಗೆ ಅದು ಅಪಾಯ. ಮಂಡಿನೋವಿಗೆಂದು ಅಂಗಡಿಯಿಂದ ತರುವ ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಯೂ ಹಾಗೇ. ಅದು ದೇಹದಲ್ಲಿ ನೀರು ನಿಲ್ಲಿಸುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು. ಹೊಲದ ಕೆಲಸದವರಿಗೆ ಮೈಕೈ ನೋವು ದಿನನಿತ್ಯದ್ದು, ಆ ಮಾತ್ರೆ ಐದು ಹತ್ತು ರೂಪಾಯಿಗೆ ಸಿಗುತ್ತದೆ.

ಚಿಕಿತ್ಸೆ ಬಹುಮಟ್ಟಿಗೆ ಸರ್ಕಾರವೇ ನೋಡಿಕೊಳ್ಳುವ ಸ್ವೀಡನ್‌ನಲ್ಲೂ ಕಡಿಮೆ ಆದಾಯದ ಹೃದಯ ವೈಫಲ್ಯ ರೋಗಿಗಳು ತಜ್ಞರ ಬಳಿಗೆ ಹೋಗುವುದು, ಶಿಫಾರಸಾದ ಔಷಧ ಪಡೆಯುವುದು ಕಡಿಮೆ, ಸಾಯುವುದು ಹೆಚ್ಚು ಎಂದು ಅಲ್ಲಿನ ರಾಷ್ಟ್ರೀಯ ನೋಂದಣಿ ತೋರಿಸಿದೆ. ಅಂದಮೇಲೆ ಬಿಲ್ಲು ಮನ್ನಾ ಮಾಡುವುದರಿಂದಲೇ ಎಲ್ಲ ಮುಗಿಯುವುದಿಲ್ಲ. ಕೈಹಿಡಿದು ನಡೆಸುವ ಒಬ್ಬರು ಬೇಕು.

ಅದು ದುಬಾರಿಯ ಕೆಲಸವೂ ಅಲ್ಲ. ಅರ್ಜೆಂಟೀನಾದಲ್ಲಿ ನರ್ಸ್‌ಗಳು ಹೃದಯ ವೈಫಲ್ಯದವರಿಗೆ ಕ್ರಮವಾಗಿ ಫೋನ್ ಮಾಡಿ ತೂಕ, ಬಾವು, ಮಾತ್ರೆ ವಿಚಾರಿಸಿದರು, ಅಷ್ಟೇ. 1,518 ಜನರ ಆ ಪ್ರಯೋಗದಲ್ಲಿ ಹೃದಯ ವೈಫಲ್ಯಕ್ಕೆ ಆಸ್ಪತ್ರೆ ಸೇರುವುದು ಶೇ 29ರಷ್ಟು ತಗ್ಗಿತು. ನಮ್ಮಲ್ಲೂ ಸೇಂಟ್ ಜಾನ್ಸ್‌ನವರು 14 ಆಸ್ಪತ್ರೆಗಳ 806 ಹೃದ್ರೋಗಿಗಳಲ್ಲಿ ಒಂದು ಗುಂಪಿಗೆ ಸಮುದಾಯ ಆರೋಗ್ಯ ಕಾರ್ಯಕರ್ತರಿಂದ ಮಾತ್ರೆಯ ನೆನಪು, ಊಟದ ಮಾತು ಹೇಳಿಸಿ ನೋಡಿದರು. ಒಂದು ವರ್ಷದ ಕೊನೆಗೆ ಮಾತ್ರೆ ತಪ್ಪದೆ ನುಂಗುವವರು ಆ ಗುಂಪಿನಲ್ಲಿ ಶೇ 97, ಎಂದಿನಂತೆ ನೋಡಿಕೊಂಡ ಗುಂಪಿನಲ್ಲಿ ಶೇ 92. ಅದು ಹಾರ್ಟ್ ಅಟ್ಯಾಕ್ ಆದವರ ಪ್ರಯೋಗ, ಆದರೆ ಪಾಠ ಇಲ್ಲಿಗೂ ಒಂದೇ. ಪ್ರತಿ ಹಳ್ಳಿಯಲ್ಲಿ ಬಾಣಂತಿಯ ಮನೆಗೆ ಹೋಗುವ ಆಶಾ ಇದ್ದಾರೆ. ಹೃದಯ ವೈಫಲ್ಯದವರ ಮನೆಗೂ ಅವರು ಹೋಗಬೇಕಾದರೆ ಆ ಕೆಲಸಕ್ಕೆ ತಕ್ಕ ತರಬೇತಿ ಮತ್ತು ಗೌರವಧನ ಕೊಡಬೇಕು.

ಮನೆಯಲ್ಲಿ ಈ ಕಾಯಿಲೆಯವರಿದ್ದರೆ ಇಂದೇ ಮಾಡಬಹುದಾದ್ದನ್ನು ಹೇಳುತ್ತೇನೆ. ಆಸ್ಪತ್ರೆಯಿಂದ ಹೊರಡುವ ಮುನ್ನ ಪ್ರತಿ ಮಾತ್ರೆ ಯಾವುದಕ್ಕೆ ಎಂದು ಕೇಳಿ, ಚೀಟಿಯ ಮೇಲೆ ಕನ್ನಡದಲ್ಲಿ ಬರೆಸಿಕೊಳ್ಳಿ. ಬರೆಯಲು ಬಾರದಿದ್ದರೆ ಸೂರ್ಯ, ಚಂದ್ರನ ಗುರುತು ಹಾಕಿಸಿಕೊಳ್ಳಿ. ಬ್ರ್ಯಾಂಡಿನ ಹೆಸರಿನ ಜೊತೆ ಔಷಧದ ಮೂಲ ಹೆಸರನ್ನೂ ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲಿ, ಸರ್ಕಾರಿ ಆಸ್ಪತ್ರೆಯ ಔಷಧ ವಿತರಣೆಯಲ್ಲಿ ಮೊದಲು ವಿಚಾರಿಸಿ. ಸ್ಟ್ರಿಪ್ ಕತ್ತರಿಸಿಕೊಳ್ಳಲೇಬೇಕಾಗಿ ಬಂದರೆ ಹೆಸರು, ದಿನಾಂಕ ಇರುವ ಭಾಗವನ್ನೇ ಕೇಳಿ ತೆಗೆದುಕೊಳ್ಳಿ. ದಿನಾ ಬೆಳಿಗ್ಗೆ ಮೂತ್ರ ಮಾಡಿದ ಮೇಲೆ, ತಿಂಡಿಗೆ ಮುಂಚೆ ತೂಕ ನೋಡಿ ಕ್ಯಾಲೆಂಡರಿನ ಮೇಲೆ ಬರೆದಿಡಿ. ಮನೆಯಲ್ಲಿ ತೂಕದ ಯಂತ್ರವಿಲ್ಲದಿದ್ದರೆ ಹತ್ತಿರದ ಅಂಗನವಾಡಿ, ಉಪಕೇಂದ್ರದಲ್ಲಿ ಕೇಳಿ ನೋಡಿ. ಮೂರು ದಿನದಲ್ಲಿ ಎರಡು ಕಿಲೋಗಿಂತ ಹೆಚ್ಚು ಏರಿದರೆ ಅದು ಕೊಬ್ಬಲ್ಲ, ನೀರು. ಉಸಿರು ಕಟ್ಟುವವರೆಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.

ಮತ್ತು ಹಣ ಸಾಲದಿದ್ದರೆ, ಯಾವ ಮಾತ್ರೆ ಬಿಡಲಿ ಎಂದು ಮೆಡಿಕಲ್ ಸ್ಟೋರಿನಲ್ಲಿ ಕೇಳಬೇಡಿ. ಡಾಕ್ಟರ ಎದುರೇ ಹೇಳಿ: ‘ಸಾರ್, ತಿಂಗಳಿಗೆ ನನ್ನಿಂದ ಇಷ್ಟೇ ಆಗೋದು, ಇದರೊಳಗೆ ಬರೆದುಕೊಡಿ.’ ಜೀವ ಉಳಿಸುವ ಅಗ್ಗದ ಮಾತ್ರೆಗಳಿವೆ, ಅವರು ಬದಲಿಸಿ ಬರೆಯಬಲ್ಲರು. ಆ ಮಾತು ಹೇಳಲು ದಯವಿಟ್ಟು ನಾಚಿಕೊಳ್ಳಬೇಡಿ.